ತಪ್ಪುಕಾಣಿಕೆಗೆ ಚೌಕಾಸಿ

ಮೂವತ್ತು ವರ್ಷದಿಂದ ಗಾಂಧಿ ಬಜಾರಿನಲ್ಲಿ ನಿಂಬೆಹಣ್ಣು ಮಾರುತ್ತಿದ್ದೇನೆ. ಗಿರಾಕಿ ಒಂದು ಹೇಳುತ್ತಾರೆ, ನಾನೊಂದು ಹೇಳುತ್ತೇನೆ, ನಡುವೆ ಎಲ್ಲೋ ಇಬ್ಬರ ಮುಖವೂ ಉಳಿಯುವಂಥ ಜಾಗ ಸಿಗುತ್ತದೆ. ಮಂಡಿಯವರ ಜೊತೆ, ಮನೆ ಕಟ್ಟಿದ ಮೇಸ್ತ್ರಿಯ ಜೊತೆ, ಮಗಳ ಮದುವೆಯಲ್ಲಿ ಬೀಗರ ಜೊತೆ ಕೂಡ ಆ ಜಾಗವನ್ನು ಹುಡುಕಿಕೊಂಡೇ ಬಂದವಳು ನಾನು. ಬಗ್ಗಿದರೆ ಸೊಂಟವೇನೂ ಮುರಿಯುವುದಿಲ್ಲ ಎಂದು ಎಷ್ಟೋ ಹೆಂಗಸರಿಗೆ ಬುದ್ಧಿ ಹೇಳಿದ್ದೇನೆ. ಬಗ್ಗದೆ ನಿಂತದ್ದು ಒಂದೇ ಸಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗವಿಪುರಂನ ನಮ್ಮ ಬೀದಿಯ ಕೊನೆಯಲ್ಲಿ ಒಂದು ಸಣ್ಣ ಅಮ್ಮನ ಗುಡಿ ಇದೆ. ಅಲ್ಲಿ ತಪ್ಪುಕಾಣಿಕೆ ಹಾಕುವ ರೂಢಿ. ಹರಕೆ ಮರೆತವರು, ಮೈಲಿಗೆಯಲ್ಲಿ ಗುಡಿಯೊಳಗೆ ಬಂದವರು, ಏನು ತಪ್ಪು ಮಾಡಿದೆವೋ ತಿಳಿಯದೆ ಸುಮ್ಮನೆ ಹೆದರಿದವರು ಹಳದಿ ಬಟ್ಟೆಯ ತುಂಡಿನಲ್ಲಿ ನಾಣ್ಯ ಕಟ್ಟಿ ಅಮ್ಮನ ತಟ್ಟೆಗೆ ಹಾಕುತ್ತಾರೆ. ಹಾಕಿದರೆ ತಪ್ಪು ಕಳೆಯಿತು. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ. ನಾನೂ ಎಷ್ಟೋ ಸಲ ಹಾಕಿದವಳೇ. ಆದರೆ ಆ ವರ್ಷ ಬೀದಿಯವರು ನನ್ನಿಂದ ಕೇಳಿದ ಕಾಣಿಕೆಗೆ ತಪ್ಪಿನ ಹೆಸರನ್ನೂ ಅವರೇ ಬರೆದಿಟ್ಟಿದ್ದರು: ಮಾಟ.

ಶುರುವಾದದ್ದು ರಂಗೋಲಿಯಿಂದ. ವಿಜಯಪುರದ ಕಡೆಯಿಂದ ಬರುವ ಕಾಯಿ ನನ್ನದು. ತೆಳು ಸಿಪ್ಪೆ, ಕೈಗೆ ತೂಕ, ಹಿಂಡಿದರೆ ಬೆರಳ ಸಂದಿಯಿಂದ ರಸ ಇಳಿಯಬೇಕು. ಸಿಪ್ಪೆ ದಪ್ಪ ಇದ್ದು ಅಂಗೈಯಲ್ಲಿ ಹಗುರಾಗಿ ಕೂತರೆ ಎಷ್ಟೇ ಹೊಳೆಯುತ್ತಿರಲಿ, ತೆಗೆದುಕೊಳ್ಳಬೇಡಿ. ಬೆಳಿಗ್ಗೆ ಗಾಡಿಯವನು ಮನೆಯ ಮುಂದೆ ಮೂಟೆ ಇಳಿಸಿ ಹೋಗುತ್ತಾನೆ. ಒಂದು ಮಂಗಳವಾರ ಅವನು ಮೂಟೆಯನ್ನು ಎದುರು ಮನೆಯಾಕೆ ಆಗಷ್ಟೇ ಬಿಟ್ಟ ರಂಗೋಲಿಯ ಮೇಲೆ ಇಳಿಸಿಬಿಟ್ಟ. ತಪ್ಪು ಅವನದು, ಎತ್ತಿಸದೆ ಒಳಗೆ ಕಾಫಿ ಕುಡಿಯುತ್ತ ಕೂತ ತಪ್ಪು ನನ್ನದು. ಹೊರಗೆ ಬಂದು ನೋಡುತ್ತೇನೆ, ಆಕೆ ಒಂದು ಬಕೆಟ್ ನೀರನ್ನು ಮೂಟೆಯ ಮೇಲೆ ಸುರಿದು ನಿಂತಿದ್ದಾಳೆ. ನೀರು ಕುಡಿದ ಮೂಟೆ ಎರಡೇ ದಿನಕ್ಕೆ ಕೊಳೆಯುತ್ತದೆ.

"ಏನ್ರೀ ಇದು, ಹಣ್ಣಿಗೆ ನೀರು ಹಾಕ್ತೀರಾ?"

"ನಮ್ ಮನೆ ಬಾಗಿಲಿಗೆ ಮೂಟೆ ಹಾಕಿದ್ರೆ ನೀರೂ ಹಾಕ್ತೀನಿ, ಸಗಣಿನೂ ಹಾಕ್ತೀನಿ. ಬೀದಿ ಏನು ನಿಮ್ಮಪ್ಪಂದಾ?"

ಸತ್ತುಹೋದ ಅಪ್ಪನನ್ನು ಎಳೆದಳಲ್ಲ, ನನಗೆ ತಲೆ ನಿಲ್ಲಲಿಲ್ಲ. ಪೈಪಿಗೆಂದು ಅಗೆದು ತಿಂಗಳಿಂದ ಮುಚ್ಚದೆ ಬಿಟ್ಟಿದ್ದ ಗುಂಡಿಯ ಪಕ್ಕ ಮಣ್ಣಿನ ಗುಡ್ಡೆ ಇತ್ತು. ಒಂದು ಹಿಡಿ ತೆಗೆದು ಅವಳ ಬಾಗಿಲ ಕಡೆ ತೂರಿದೆ. "ನಿಮ್ ಮನೆಯವ್ರ ಬಾಯಿಗೆಲ್ಲ ಮಣ್ಣು ಬೀಳ!" ಎಂದೆ. ಬೀದಿ ಪೂರ್ತಿ ಕೇಳಿಸಿಕೊಂಡಿತು. ನನ್ನ ಗಂಟಲು ಸಂತೆಯಲ್ಲಿ ಬೆಳೆದದ್ದು.

ಮೂರು ವಾರ ಕಳೆದವು. ಎದುರು ಮನೆಯಾಕೆಯ ಮಗಳು ಸೆಕೆಂಡ್ ಪಿಯುಸಿ ಓದುತ್ತಿದ್ದಳು. ಆ ಹುಡುಗಿ ಊಟ ಬಿಟ್ಟಳು. ಮೊದಲು ಅನ್ನ ಬೇಡ ಅಂದಳು, ಆಮೇಲೆ ಹಾಲೂ ಸೇರಲಿಲ್ಲ, ಆಮೇಲೆ ಮಾತೂ ನಿಂತಿತು. ಕರೆದರೆ ಗೋಡೆ ನೋಡುತ್ತಾಳಂತೆ. ಬಾಯಿಗೆ ಮಣ್ಣು ಬೀಳಲಿ ಎಂದವಳು ನಾನು, ಬಾಯಿ ಮುಚ್ಚಿದವಳು ಆ ಹುಡುಗಿ. ಎರಡನ್ನು ಜೋಡಿಸಲು ನಮ್ಮ ಬೀದಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಿಜ ಹೇಳಬೇಕೆಂದರೆ ಮೊದಲು ಜೋಡಿಸಿದವಳು ನಾನೇ. ಸುದ್ದಿ ಕೇಳಿದ ದಿನ ನನ್ನ ಕೈಯ ತುತ್ತು ಅರ್ಧದಲ್ಲೇ ನಿಂತಿತು. ಮಾತಿಗೆ ಅಷ್ಟು ಬಲ ಇದೆಯಾ? ಇದ್ದರೆ ನನ್ನನ್ನು ಬಿಟ್ಟು ಹೋದ ಗಂಡ ಇಷ್ಟು ಹೊತ್ತಿಗೆ ಬೂದಿಯಾಗಿರಬೇಕಿತ್ತು, ಅವನಿಗೆ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಅವನು ಶ್ರೀರಾಂಪುರದಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾನೆ. ಆ ನೆನಪಿನಿಂದ ಸ್ವಲ್ಪ ಸಮಾಧಾನವಾಯಿತು. ಪೂರ್ತಿ ಆಗಲಿಲ್ಲ.

ಆಮೇಲೆ ಅವರ ಮೆಟ್ಟಿಲ ಪಕ್ಕ, ಹೂಕುಂಡದ ಹಿಂದೆ, ಕುಂಕುಮ ಮೆತ್ತಿದ ಒಂದು ನಿಂಬೆಹಣ್ಣು ಸಿಕ್ಕಿತು. ಅಷ್ಟು ಸಾಕಾಯಿತು. ಬೀದಿಯವರೆಲ್ಲ ಸುತ್ತ ನಿಂತು ಅದನ್ನು ಹಾವು ನೋಡಿದ ಹಾಗೆ ನೋಡುತ್ತಿದ್ದರು. ನಾನು ಹೋಗಿ ಬಗ್ಗಿ ಕೈಗೆತ್ತಿಕೊಂಡೆ. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

"ನೋಡ್ರಪ್ಪ, ಇದು ದಪ್ಪ ಸಿಪ್ಪೆ. ಇಂಥ ಹಣ್ಣು ನಾನು ಜನ್ಮದಲ್ಲಿ ಮಾರಿಲ್ಲ. ನನ್ ಮೂಟೆ ಬಿಚ್ಚಿ ನೋಡಿ, ಒಂದೇ ಒಂದು ಇಂಥದ್ದು ಸಿಕ್ಕಿದ್ರೆ ಕೇಳಿ."

ಯಾರೂ ಮೂಟೆ ಬಿಚ್ಚಲಿಲ್ಲ. ಹುಡುಗಿ ಊಟ ಬಿಡುವ ಹಿಂದಿನ ವಾರ ಆ ಮನೆಗೆ ಹೊಸ ಸ್ಕೂಟರ್ ಬಂದಿತ್ತು. ಪೂಜೆ ಮಾಡಿ ಎರಡು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಿದ್ದರು. ಮುಂದಿನದು ಅಪ್ಪಚ್ಚಿಯಾಯಿತು, ಹಿಂದಿನದು ಪುಟಿದು ಎತ್ತಲೋ ಉರುಳಿತು. ನನ್ನ ಬಾಗಿಲಲ್ಲಿ ನಿಂತು ನಾನೇ ನೋಡಿದ್ದೆ. ಅದನ್ನೂ ಹೇಳಿದೆ.

"ಅವಳಿಗೆ ಹೆಂಗೆ ಗೊತ್ತು ನೋಡು, ಎಲ್ಲ ನೋಡ್ತಾನೇ ಇರ್ತಾಳೆ," ಎಂದಿತು ಗುಂಪಿನ ಒಂದು ದನಿ.

ಸಾಕ್ಷಿ ಕೊಟ್ಟರೆ ಸಾಕ್ಷಿಯೇ ತಪ್ಪಾಗುವ ವ್ಯಾಪಾರ ಅದು. ಎದುರು ಮನೆಯವರು ಯಂತ್ರ ಕಟ್ಟುವವನೊಬ್ಬನ ಬಳಿ ಹೋಗಿ ಮಗಳಿಗೊಂದು ಯಂತ್ರ ಕಟ್ಟಿಸಿಕೊಂಡು ಬಂದರು. ಅವನು "ಎದುರು ಬಾಗಿಲು, ಹುಳಿ ಮುಟ್ಟೋ ಕೈ" ಎಂದನಂತೆ. ನಮ್ಮ ಬೀದಿಯಲ್ಲಿ ಹುಣಸೆಹಣ್ಣಿನ ವ್ಯಾಪಾರಿಯೂ ಇದ್ದಾರೆ, ಅವರ ಬಾಗಿಲೂ ಆ ಮನೆಗೆ ಎದುರೇ, ಸ್ವಲ್ಪ ಓರೆ. ಅವರ ಹೆಸರು ಯಾರ ಬಾಯಿಗೂ ಬರಲಿಲ್ಲ. ಅವರು ಗಂಡಸು, ಗುಡಿ ಕಮಿಟಿ ಮೆಂಬರ್ ಬೇರೆ.

ಮರುದಿನದಿಂದ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುವಾಗ ಅಕ್ಕಪಕ್ಕದ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಹಳೆಯ ಗಿರಾಕಿಗಳು ನನ್ನನ್ನು ದಾಟಿ ಮುಂದಿನ ಗೋಣಿಯವನ ಹತ್ತಿರ ನಿಂತು, ನನ್ನ ಕಡೆ ಬೆನ್ನು ಹಾಕಿ ಹಣ್ಣು ಆರಿಸುತ್ತಿದ್ದರು. ಆ ಬೆನ್ನುಗಳೆಲ್ಲ ನನಗೆ ಗುರುತಿದ್ದವು, ಒಂದೊಂದರ ಸೀರೆಯೂ.

ಆ ವಾರ ಗುಡಿಯ ಯಜಮಾನರು ಮನೆಗೆ ಬಂದರು. ಕಮಿಟಿಯ ಅಧ್ಯಕ್ಷರು, ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಮಕ್ಕಳನ್ನು ಬಿಟ್ಟರೆ ಯಾರಿಗೂ ಏಕವಚನ ಆಡಿದವರಲ್ಲ. ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು: "ನಾನು ಇದನ್ನೆಲ್ಲ ನಂಬಲ್ಲಮ್ಮ. ಆದ್ರೆ ಬೀದಿ ನಂಬ್ತಿದೆ. ಶುಕ್ರವಾರ ಎಲ್ಲರ ಮುಂದೆ ಅಮ್ಮನಿಗೆ ತಪ್ಪುಕಾಣಿಕೆ ಹಾಕ್ಬಿಡಿ. ಮುಗೀತು. ಮಗು ಮನಸ್ಸಿಗೂ ನೆಮ್ಮದಿ, ನಿಮಗೂ ನೆಮ್ಮದಿ."

ನೋಡಿ, ಒಳ್ಳೆಯ ವ್ಯಾಪಾರದ ಹಾಗೇ ಇತ್ತು. ಒಂದು ತುಂಡು ಬಟ್ಟೆ, ಒಂದು ನಾಣ್ಯ, ಒಂದು ನಿಮಿಷದ ಅವಮಾನ. ಬದಲಿಗೆ ಗಿರಾಕಿ, ಬೀದಿ ಎಲ್ಲ ವಾಪಸು, ಅಮ್ಮನಿಗೆ ಪ್ರತಿ ಶುಕ್ರವಾರ ನಾನು ಕೊಡುವ ನಿಂಬೆಹಣ್ಣಿನ ಹಾರವೂ ತಪ್ಪುವುದಿಲ್ಲ. "ಯೋಚನೆ ಮಾಡ್ತೀನಿ ಸ್ವಾಮಿ," ಎಂದೆ. ಮನಸ್ಸಿನಲ್ಲಿ ಹೂಂ ಅಂದಾಗಿತ್ತು.

ನನ್ನ ಮಹಡಿಯ ಕೋಣೆಯಲ್ಲಿ ಒಬ್ಬ ಹುಡುಗಿ ಬಾಡಿಗೆಗೆ ಇದ್ದಾಳೆ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತಾಳೆ. ಮೆಟ್ಟಿಲಿಳಿಯುವಾಗ ಎಲ್ಲ ಕೇಳಿಸಿಕೊಂಡಿದ್ದಳು. ಬಸ್ಸಿಗೆ ಓಡುವ ಆತುರದಲ್ಲಿ, "ಆಂಟಿ, ಹಾಕ್ಬೇಡಿ! ಸೇಲಂನಲ್ಲಿ ಹೀಗೇ ಶುರುವಾಗಿದ್ದು. ಹತ್ತೊಂಬತ್ತು ಜನನ ನೇಣಿಗೆ ಹಾಕಿದ್ರು, ಗೊತ್ತಾ?" ಎಂದು ಹೇಳಿ ಹೋಗಿಬಿಟ್ಟಳು.

ನನಗೆ ಸೇಲಂ ಗೊತ್ತಿಲ್ಲವೇ? ಬೇಸಿಗೆ ಬಂತೆಂದರೆ ನನ್ನ ಪಕ್ಕದಲ್ಲೇ ಸೇಲಂ ಮಾವಿನಹಣ್ಣು ಬಂದು ಕೂರುತ್ತದೆ. ಮಾರುವಾತನ ಊರು ಅದೇ. ಹತ್ತೊಂಬತ್ತು ಜನ! ಬಜಾರಿಗೆ ಹೋದವಳೇ ಅವನನ್ನು ಹಿಡಿದುಕೊಂಡೆ.

"ಏನಪ್ಪಾ, ನಿಮ್ಮೂರಲ್ಲಿ ಮಾಟ ಮಾಡಿದ್ರು ಅಂತ ಹತ್ತೊಂಬತ್ತು ಜನನ ನೇಣಿಗೆ ಹಾಕಿದ್ರಂತೆ? ಒಂದು ದಿನಾನೂ ಬಾಯಿ ಬಿಟ್ಟಿಲ್ವಲ್ಲ ನೀನು?"

ಅವನ ಕೈಯಲ್ಲಿದ್ದ ಹಣ್ಣು ಹಾಗೇ ನಿಂತಿತು. "ಯಾರಕ್ಕಾ ಹೇಳಿದ್ದು? ನಮ್ಮೂರಲ್ಲಿ ಮಾವು ಇದೆ, ಕಬ್ಬಿಣ ಇದೆ, ನೇಣು ಎಲ್ಲಿಂದ ಬಂತು? ನಿಮ್ ಬೀದಿ ಗಲೀಜು ನಮ್ಮೂರಿಗ್ಯಾಕೆ ಮೆತ್ತುತೀರಾ?"

"ಓದಿದೋರು ಹೇಳಿದಾರೆ ಕಣಯ್ಯ, ಕಾಲೇಜಲ್ಲಿ ಪಾಠಾನೇ ಇದೆ."

"ಹಾಗಾದ್ರೆ ಆ ಕಾಲೇಜಿಗೇ ಹೋಗಿ ಮಾವಿನಹಣ್ಣು ತಗೊಳ್ಳಿ!"

ಎರಡು ದಿನ ಅವನು ನನ್ನ ಮುಖ ನೋಡಲಿಲ್ಲ. ಬೀದಿಯಲ್ಲಿ ಮಾಟಗಾತಿ ಅನ್ನಿಸಿಕೊಂಡವಳು ಬಜಾರಿನಲ್ಲಿ ಒಂದು ಇಡೀ ಊರಿನ ಮೇಲೆ ಅದೇ ಅಪವಾದ ಹೊರಿಸಿ ಬಂದೆ. ಬರೆಯುವಾಗ ನಗು ಬರುತ್ತದೆ. ಆದರೆ ಗಮನಿಸಿ, ಕೇಳಿದ ಮಾತನ್ನು ದಾಟಿಸಲು ನನಗೂ ಅರ್ಧ ಗಂಟೆ ಬೇಕಾಗಿರಲಿಲ್ಲ.

ಆ ದಿನವೇ ಸಂಜೆ ಮಹಡಿಯ ಹುಡುಗಿಗೆ ಹೇಳಿದರೆ ಅವಳು ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ಆಂಟಿ, ಆ ಸೇಲಂ ಅಲ್ಲ! ಅಮೆರಿಕದಲ್ಲಿರೋದು. ಮುನ್ನೂರು ವರ್ಷಕ್ಕೂ ಹಿಂದೆ, ಇಂಗ್ಲಿಷಿನೋರು ಅಲ್ಲಿಗೆ ಹೋಗಿ ನೆಲೆ ಊರಿದ ಕಾಲದ್ದು." ಆಮೇಲೆ ಕಾಫಿ ಹಿಡಿದುಕೊಂಡು ನಿಧಾನವಾಗಿ ಹೇಳಿದಳು.

ಅಲ್ಲಿಯ ಜನ ತುಂಬಾ ಮಡಿಯವರಂತೆ.

"ಬಟ್ಟೆ ಮಡಿ ಅಲ್ಲ ಆಂಟಿ, ಮನಸ್ಸಿನ ಮಡಿ. ಒಂದು ಕೆಟ್ಟ ಯೋಚನೆ ಬಂದ್ರೂ ದೇವರು ನೋಡ್ತಿದಾನೆ, ನರಕಕ್ಕೆ ಹೋಗ್ತೀವಿ ಅಂತ ಹೆದರೋರು."

ಮಡಿ ನನಗೆ ಗೊತ್ತು. ಬಸವನಗುಡಿಯಲ್ಲಿ ಮನೆಮನೆಗೆ ಬುಟ್ಟಿ ಹೊತ್ತು ಮಾರುತ್ತಿದ್ದ ಕಾಲದಲ್ಲಿ, ಹಣ್ಣನ್ನು ಕೈಗೆ ಕೊಡುವ ಹಾಗಿರಲಿಲ್ಲ. ಕಟ್ಟೆಯ ಮೇಲೆ ಇಡಬೇಕು, ಅವರು ಚೊಂಬಿನಿಂದ ನೀರು ಚಿಮುಕಿಸಿ ತೆಗೆದುಕೊಳ್ಳಬೇಕು. ಹಣ್ಣಿನ ಮೈಲಿಗೆ ನೀರಿಗೆ ಹೋಗುತ್ತದೆ. ಮನಸ್ಸಿನ ಮೈಲಿಗೆಗೆ ಯಾವ ಚೊಂಬಿನಿಂದ ಚಿಮುಕಿಸುತ್ತಾರೆ?

"ಅದೇ ತೊಂದ್ರೆ ಆಗಿದ್ದು," ಎಂದಳು. "ಒಳಗಿನ ಕೊಳೆ ನೋಡ್ಕೊಂಡು ನೋಡ್ಕೊಂಡು ಹೆದರಿದೋರು, ಅದನ್ನ ಪಕ್ಕದ ಮನೆಯವಳ ಮೈಮೇಲೆ ಕಂಡ್ರು. ಮೊದಲು ಕೆಲವು ಹುಡುಗೀರಿಗೆ ಮೈಮೇಲೆ ಬಂದ ಹಾಗಾಯ್ತು. ಯಾರು ಮಾಡಿದ್ದು, ಯಾರು ಮಾಡಿದ್ದು ಅಂತ ದೊಡ್ಡೋರು ಕೇಳಿದ್ರು. ಹುಡುಗೀರು ಹೆಸರು ಹೇಳಿದ್ರು."

"ಯಾರ ಹೆಸರು?"

"ಮೊದಲು ಗತಿ ಇಲ್ಲದೋರು. ಬಾಯಿ ಜೋರಿರೋರು. ಗಂಡನೋ ಮಗನೋ ಇಲ್ಲದೆ ಆಸ್ತಿ ಇರೋ ಹೆಂಗಸರೂ ಸಿಕ್ಕಿಹಾಕ್ಕೊಂಡ್ರು."

ನನ್ನದೇ ಬಯೋಡೇಟಾ ಓದಿದ ಹಾಗಿತ್ತು. ಆದರೂ ವ್ಯಾಪಾರದ ಬುದ್ಧಿ ಬಿಡಲಿಲ್ಲ. "ಹೌದು ಅಂದ್ಬಿಟ್ಟು ಜೀವ ಉಳಿಸ್ಕೋಬಾರದಿತ್ತಾ?" ಎಂದೆ.

"ಹೌದು ಅಂದೋರು ಉಳಿದ್ರು ಆಂಟಿ. ಇಲ್ಲ ಅಂದೋರು ಸತ್ರು."

"ಮತ್ತೆ! ಬುದ್ಧಿ ಇರಲಿಲ್ವಾ ಅವರಿಗೆ?"

"ಹೌದು ಅಂದ್ರೆ ಅಲ್ಲಿಗೆ ಮುಗೀತಿರಲಿಲ್ಲ. ಜೊತೆಗೆ ಯಾರಿದ್ರು ಅಂತ ಕೇಳೋರು. ಇನ್ನೊಬ್ಬರ ಹೆಸರು ಹೇಳ್ಬೇಕಿತ್ತು. ಮತ್ತೆ ಒಬ್ಬರು ಹೌದು ಅಂದ ತಕ್ಷಣ ಊರಿಗೆ ಇನ್ನೂ ನಂಬಿಕೆ ಬರೋದು, ನೋಡಿದ್ರಾ, ಮಾಟ ಇದ್ದಿದ್ದೇ ನಿಜ ಅಂತ."

ನಾನು ಕಾಫಿ ಲೋಟ ಕೆಳಗಿಟ್ಟೆ. ಇದು ನನಗೆ ಅರ್ಥವಾಗುವ ಮಾತು. ಕೊಳೆತ ಮಾಲನ್ನು ಒಬ್ಬ ಗಿರಾಕಿ ಕೊಂಡರೆ ಸಾಕು, ಮಂಡಿಯಲ್ಲಿ ಅದಕ್ಕೆ ರೇಟು ಹುಟ್ಟುತ್ತದೆ. ನಾನು ಆ ನಾಣ್ಯ ಹಾಕಿದರೆ ನಮ್ಮ ಬೀದಿಯಲ್ಲಿ ಮಾಟಕ್ಕೆ ರೇಟು ಹುಟ್ಟುತ್ತದೆ. ಮುಂದೆ ಯಾರ ಮನೆಯ ಮಗುವಿಗೆ ಜ್ವರ ಬಂದರೂ ನನ್ನ ಬಾಗಿಲು. ನಾನು ಸತ್ತರೆ ಇನ್ನೊಬ್ಬಳ ಬಾಗಿಲು.

"ಇದಕ್ಕೆ ಕಾನೂನಿದೆ ಆಂಟಿ, ಕಂಪ್ಲೇಂಟ್ ಕೊಡೋಣ," ಎಂದಳು ಹುಡುಗಿ. ಬೇಡವೆಂದೆ. ಪೊಲೀಸರು ಬಂದು ಹೋದ ಮೇಲೆ ಅದೇ ಬೀದಿಯಲ್ಲಿ ಮರುದಿನ ಬಾಗಿಲಿಗೆ ನೀರು ಹಾಕಬೇಕಾದವಳು ನಾನು. ಆದರೆ ನಿಮಗೆ ಹೇಳುತ್ತೇನೆ, ಕೈ ಮಾಡುವ ಮಟ್ಟಕ್ಕೆ ಬಂದರೆ ನನ್ನ ಹಾಗೆ ಕೂರಬೇಡಿ, ನೆಟ್ಟಗೆ ಸ್ಟೇಷನ್‌ಗೆ ಹೋಗಿ.

ಶುಕ್ರವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಗುಡಿಗೆ ಹೋದೆ. ಮಹಡಿಯ ಹುಡುಗಿ ರಜೆ ಹಾಕಿ ಜೊತೆಗೆ ಬಂದಳು. ಬೀದಿಗೆ ಬೀದಿಯೇ ನಿಂತಿತ್ತು. ಎದುರು ಮನೆಯಾಕೆ ಮಗಳನ್ನು ಕಂಬಕ್ಕೆ ಒರಗಿಸಿ ಕೂರಿಸಿದ್ದಳು. ಹುಡುಗಿಯ ಕೈಮಣಿಕಟ್ಟು ಹೂವಿನ ಕಡ್ಡಿಯಷ್ಟಾಗಿತ್ತು.

ಯಜಮಾನರು ಅವಳ ಮುಂದೆ ಬಗ್ಗಿ, ಬಹಳ ಅಕ್ಕರೆಯಿಂದ ಕೇಳಿದರು. "ಪುಟ್ಟಿ, ಹೆದರ್ಬೇಡ. ನಿನಗೆ ಯಾರಿಂದ ಹಿಂಗಾಯ್ತು? ನಿಂಬೆಹಣ್ಣಿನ ಆಂಟಿನಾ?"

ಹುಡುಗಿ ನನ್ನ ಕಡೆ ನೋಡಿದಳು. ಆಮೇಲೆ ಅವಳಮ್ಮನ ಕಡೆ. ಸುತ್ತ ನಿಂತವರ ಅಷ್ಟೂ ಮುಖಗಳನ್ನು ನೋಡಿದಳು. ಎಲ್ಲರೂ ಒಂದೇ ಉತ್ತರಕ್ಕೆ ಕಾಯುತ್ತಿದ್ದರು. ಅವಳು ಹೌದೆಂಬಂತೆ ತಲೆ ಆಡಿಸಿದಳು.

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅಷ್ಟು ಜನ ಬಾಯಿಗೆ ಉತ್ತರ ಇಟ್ಟರೆ, ಆ ವಯಸ್ಸಿನಲ್ಲಿ ನಾನೂ ನುಂಗುತ್ತಿದ್ದೆ.

ಪೂಜಾರಿ ತಟ್ಟೆ ಮುಂದೆ ಹಿಡಿದರು. ಅದರಲ್ಲಿ ಹಳದಿ ಬಟ್ಟೆಯ ತುಂಡನ್ನೂ ಅವರೇ ಇಟ್ಟಿದ್ದರು. ನಾನು ತಟ್ಟೆ ದಾಟಿ ಎದುರು ಮನೆಯಾಕೆಯ ಮುಂದೆ ಹೋಗಿ ನಿಂತೆ.

"ನೋಡಮ್ಮ, ಆವತ್ತು ಮಣ್ಣು ತೂರಿದ್ದು ನಾನು. ಆ ಮಾತು ಆಡಿದ್ದು ನಾನು. ಮಕ್ಕಳಿರೋ ಮನೆ ಮೇಲೆ ಹಂಗೆ ಆಡ್ಬಾರದಿತ್ತು. ತಪ್ಪಾಯ್ತು. ನಿನ್ ಮುಂದೆ ಕೈ ಮುಗಿದು ಕೇಳ್ತಿದೀನಿ." ಕೈ ಮುಗಿದೆ. ಅವಳು ಅದನ್ನು ನಿರೀಕ್ಷಿಸಿರಲಿಲ್ಲ, ಸೆರಗು ಹಿಡಿದು ನಿಂತಳು.

ಆಮೇಲೆ ಎಲ್ಲರ ಕಡೆ ತಿರುಗಿದೆ. "ಆಡಿದ ಮಾತು ನಂದು. ಮಾಟ ನಂದಲ್ಲ. ನಂದಲ್ಲದ ತಪ್ಪಿಗೆ ಅಮ್ಮನ ತಟ್ಟೆಗೆ ಕೈ ಹಾಕಲ್ಲ. ಹಾಕಿದ್ರೆ ಅದು ಅಮ್ಮನ ಮುಂದೆ ಸುಳ್ಳು ಹೇಳಿದ ಹಾಗೆ."

"ಎಷ್ಟು ಕೊಬ್ಬು ನೋಡ್ರಿ! ತಪ್ಪು ಮಾಡಿಲ್ಲ ಅಂದ್ರೆ ಒಂದು ಕಾಣಿಕೆ ಹಾಕೋಕೆ ಏನು ರೋಗ?" ಎಂದರು ಹುಣಸೆಹಣ್ಣಿನವರು.

"ನಿಮಗೂ ಹುಳಿ ಕೈಯೇ ಸ್ವಾಮಿ, ಬನ್ನಿ, ಮೊದಲು ನೀವು ಹಾಕಿ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಹುಣಸೆಹಣ್ಣಿನವರು ಹಾಕಲಿಲ್ಲ. ಎದುರು ಮನೆಯಾಕೆಗೆ ಆಗ ದನಿ ಬಂತು. "ಹಾಗಾದ್ರೆ ನನ್ ಮಗಳು ಯಾಕೆ ಉಣ್ತಿಲ್ಲ? ಹೇಳಿ, ಯಾಕೆ?"

"ನಂಗೊತ್ತಿಲ್ಲ ತಾಯಿ. ಯಾರು ಮಾಡಿದ್ದು ಅಂತ ಎಲ್ಲರೂ ಕೇಳಿದ್ರಿ. ಏನಾಗಿದೆ ಅಂತ ಒಬ್ಬರೂ ಅವಳನ್ನ ಕೇಳಿದ್ದು ನಾ ನೋಡ್ಲಿಲ್ಲ."

ಹೇಳಿ ಮನೆಗೆ ಬಂದೆ. ಬೆನ್ನ ಹಿಂದೆ ಬಂದ ಮಾತುಗಳನ್ನು ಬರೆಯುವ ಅಗತ್ಯವಿಲ್ಲ. ಆವತ್ತಿನಿಂದ ಅಮ್ಮನಿಗೆ ನನ್ನ ಹಣ್ಣಿನ ಹಾರ ಹೋಗುವುದು ನಿಂತಿತು.

ಎದುರು ಮನೆಯ ಹುಡುಗಿಯನ್ನು ಆ ವಾರ ಆಸ್ಪತ್ರೆಗೆ ಸೇರಿಸಿದರು. ಗ್ಲೂಕೋಸ್ ಏರಿಸಿದರು, ಮನಸ್ಸಿನ ಡಾಕ್ಟರೊಬ್ಬರು ದಿನಾ ಬಂದು ಪಕ್ಕದಲ್ಲಿ ಕೂತರು. ವಿಷಯ ಆಮೇಲೆ ತಿಳಿಯಿತು, ಹುಡುಗಿಯ ಅಪ್ಪ ಟ್ಯೂಷನ್ ಕೇಳಲು ನಮ್ಮ ಮಹಡಿ ಹತ್ತಿದಾಗ. ಪ್ರಿಪರೇಟರಿ ಪರೀಕ್ಷೆಯಲ್ಲಿ ಎರಡು ಸಬ್ಜೆಕ್ಟ್ ಹೋಗಿತ್ತಂತೆ. ಅಂಕಪಟ್ಟಿಗೆ ತಾನೇ ಅಪ್ಪನ ಸಹಿ ಹಾಕಿ ಕಾಲೇಜಿಗೆ ಕೊಟ್ಟಿದ್ದಳಂತೆ. ಅದೇ ವಾರ ಅಪ್ಪ ಅವಳು ಓಡಾಡಲೆಂದು ಸ್ಕೂಟರ್ ತಂದರು. ಆ ತಪ್ಪು ಗಂಟಲಲ್ಲಿ ಸಿಕ್ಕಿಕೊಂಡು ಅನ್ನ ಇಳಿಯದೆ ಹೋಯಿತು. ಪಾಪ, ಅವಳ ತಪ್ಪಿಗೆ ತಟ್ಟೆ ಹಿಡಿದವರು ಯಾರೂ ಇರಲಿಲ್ಲ.

ಹುಡುಗಿ ಚೇತರಿಸಿಕೊಂಡಳು. ನಮ್ಮ ಬೀದಿ ಏನೆಂದಿತು ಗೊತ್ತೇ? ಯಂತ್ರ ಕಟ್ಟಿಸಿದ್ದಕ್ಕೆ ಸರಿಹೋಯಿತು ಎಂದಿತು. ಕಾಯಿಲೆ ಬಂದಾಗಲೂ ಮಾಟಗಾತಿ ನಾನೇ, ವಾಸಿಯಾದಾಗಲೂ ನಾನೇ.

ಇದಾಗಿ ಎರಡು ತಿಂಗಳಿಗೆ ಯಜಮಾನರು ಅಂಗಡಿಗೆ ಬಂದರು. ಬೆಳಿಗ್ಗೆ ಹನ್ನೊಂದರ ಹೊತ್ತು, ಬಜಾರು ತುಂಬಿತ್ತು. ನನ್ನ ಖಾಲಿ ಕ್ರೇಟಿನ ಮೇಲೆ ಕೂತರು.

"ನೋಡಿ, ಮಗು ಹುಷಾರಾಯ್ತು. ಜನಕ್ಕೂ ಬೇಸರ ಇದೆ, ಅಮ್ಮನ ಹಾರಕ್ಕೆ ನಿಮ್ಮ ಹಣ್ಣಿನಂಥದ್ದು ಬರ್ತಿಲ್ಲ. ಒಂದು ಕಾಣಿಕೆ ಹಾಕ್ಬಿಡಿ, ಎಲ್ಲ ಮೊದಲಿನ ಹಾಗೆ."

"ಆಗಲ್ಲ ಸ್ವಾಮಿ."

"ಎಲ್ಲರ ಮುಂದೆ ಬೇಡ. ಮಧ್ಯಾಹ್ನ ಗುಡಿ ಖಾಲಿ ಇರುತ್ತೆ, ಬನ್ನಿ. ನಾನು, ಪೂಜಾರಿ, ಇಬ್ಬರೇ."

"ಆಗಲ್ಲ."

"ಮಾಟ ಅನ್ನೋ ಪದಾನೇ ಬೇಡ. ತಿಳಿದೋ ತಿಳೀದೆನೋ ಅಂದ್ಬಿಡಿ. ಎಲ್ಲರೂ ಅನ್ನೋದೇ ಅಲ್ವಾ?"

ಮನುಷ್ಯ ಚೆನ್ನಾಗಿ ಇಳಿಯುತ್ತಿದ್ದರು. ಬೇರೆ ದಿನವಾದರೆ ಮೆಚ್ಚಿ ಎರಡು ಹಣ್ಣು ಜಾಸ್ತಿ ಹಾಕುತ್ತಿದ್ದೆ.

"ಹೋಗ್ಲಿ, ನೀವು ಬರೋದೇ ಬೇಡ," ಎಂದರು ಕೊನೆಗೆ, ದನಿ ಇಳಿಸಿ. "ನಿಮ್ಮ ಪರವಾಗಿ ನಾನೇ ಹಾಕಿಬಿಡ್ತೀನಿ. ಯಾರಾದ್ರೂ ಕೇಳಿದ್ರೆ ನೀವು ಇಲ್ಲ ಅನ್ಬೇಡಿ. ಅಷ್ಟೇ. ಸುಮ್ನಿದ್ರೆ ಸಾಕು."

ಇದಕ್ಕಿಂತ ಕೆಳಗೆ ಬೆಲೆ ಇಳಿಯುವುದಿಲ್ಲ. ಪುಕ್ಕಟೆ. ಕೈ ಕೂಡ ಆಡಿಸಬೇಕಿಲ್ಲ. ನಾನು ಹಣ್ಣಿನ ಮೇಲಿನ ಒದ್ದೆ ಗೋಣಿಯನ್ನು ಸರಿಮಾಡಿ, ಅವರ ಮುಖ ನೋಡಿದೆ.

"ಹಾಕಿ ಸ್ವಾಮಿ. ಆದ್ರೆ ನಿಮ್ಮ ಹೆಸರಲ್ಲಿ ಹಾಕಿ."

"ನನ್ನ ಹೆಸರಲ್ಲಾ? ನಾನೇನಮ್ಮ ಮಾಡಿದೆ?"

"ಹಸಿದ ಮಗು ಮುಂದೆ ಬಗ್ಗಿ, ನನ್ ಹೆಸರು ನೀವೇ ಅವಳ ಬಾಯಿಗಿಟ್ರಿ. ಅವಳು ಬರೀ ತಲೆ ಆಡಿಸಿದ್ಲು. ಅದಕ್ಕೆ ಹಾಕಿ. ಎಲ್ಲರ ಮುಂದೆ ಬೇಡ, ಮಧ್ಯಾಹ್ನನೇ ಹೋಗಿ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಆಮೇಲೆ ಎದ್ದು, "ನಿಮ್ಮ ಬಾಯಿ ಬಹಳ ಜೋರಮ್ಮ," ಎಂದರು.

"ಹೌದು ಯಜಮಾನ್ರೇ. ಅದೊಂದು ತಪ್ಪು ನಂದೇ. ಅದಕ್ಕೆ ಯಾರ ಮುಂದೆ ಕೈ ಮುಗೀಬೇಕೋ ಅವರ ಮುಂದೆ ಮುಗಿದಾಗಿದೆ."

ಅವರು ಹೂವಿನ ಅಂಗಡಿಗಳ ಸಾಲು ಹಿಡಿದು ಗವಿಪುರಂ ಕಡೆ ಹೊರಟರು. ಗುಡಿಗೆ ಹೋದರೋ ಮನೆಗೆ ಹೋದರೋ ನಾನು ವಿಚಾರಿಸಲಿಲ್ಲ. ಕ್ರೇಟನ್ನು ಮಗುಚಿ ಅದರ ಮೇಲೆ ಆ ದಿನದ ಹೊಸ ಮಾಲನ್ನು ಹರಡಿದೆ.